ಪರದೇಶದ ಸೇವಾಯಾತ್ರೆಗೆ ಹೊರಡುವ ಮುನ್ನ

ಮನುಷ್ಯನು ಪರದೇಶಕ್ಕೆ ಹೊರಡಲು ಕಾರಣಗಳು ಹಲವು. ಒಬ್ಬನು ಹೊಟ್ಟೆಯ ಪಾಡಿಗಾಗಿ ಹೊರಡುವನು, ಇನ್ನೊಬ್ಬನು ವಿದ್ಯೆಗಾಗಿ, ಮತ್ತೊಬ್ಬನು ಕಣ್ಣಿನ ಹಬ್ಬಕ್ಕಾಗಿ. ಇವರೆಲ್ಲರೂ ಅಲ್ಲಿಂದ ಏನನ್ನಾದರೂ ತರಬೇಕೆಂದು ಹೋಗುವವರು. ಏನನ್ನಾದರೂ ಕೊಡಬೇಕೆಂದು ಹೋಗುವವರ ವರ್ಗವೂ ಒಂದುಂಟು. ತಾವು ನಂಬಿದ ದೇವರ ಹೆಸರಿನಲ್ಲಿ, ಹಿಂದೆಂದೂ ಕಾಣದ ಊರಿನ ಜನರ ಸೇವೆಗಾಗಿ ಹೊರಡುವ ಕ್ರೈಸ್ತ ಮಿಶನ್ ಯಾತ್ರಿಕರು ಆ ವರ್ಗಕ್ಕೆ ಸೇರಿದವರು. ತರಲು ಹೋಗುವವನಿಗೆ ಬರಿಯ ಚೀಲವಿದ್ದರೆ ಸಾಕು. ಕೊಡಲು ಹೋಗುವವನ ಸಿದ್ಧತೆಯೇ ಕಷ್ಟವಾದುದು.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತ ಮನೆಗಳಲ್ಲಿ ಈ ಮಾತು ಹೊಸದಲ್ಲ. ಮಗನು ಪಾದ್ರಿಯಾಗಿಯೋ ಮಗಳು ಕನ್ಯಾಸ್ತ್ರೀಯಾಗಿಯೋ ದೂರದ ನಾಡಿನ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಕೆಲಸಮಾಡುವ ಕುಟುಂಬಗಳು ಇಲ್ಲಿ ಉಂಟು. ದೀಕ್ಷೆ ಪಡೆಯದ ಗೃಹಸ್ಥರೂ ತರುಣ ತರುಣಿಯರೂ ನಾಲ್ಕಾರು ಮಂದಿ ಗೆಳೆಯರು ಕೂಡಿ, ಕೆಲವು ವಾರಗಳ ಮಟ್ಟಿಗೆ ಪರದೇಶದ ಯಾವುದಾದರೊಂದು ಸಭೆಗೆ ನೆರವಾಗಲು ಹೊರಡುವುದೂ ಉಂಟು. ಹೊರಡುವ ನಿಶ್ಚಯವಾದೊಡನೆ ಮನೆಯಲ್ಲಿ ಗಡಿಬಿಡಿ ತೊಡಗುವುದು. ಪೆಟ್ಟಿಗೆಯಲ್ಲಿ ಏನಿಡಬೇಕು, ಎಷ್ಟು ಹಣ ಒಯ್ಯಬೇಕು, ಯಾವ ಔಷಧ ಬೇಕು ಎಂದು ಹತ್ತು ಮಂದಿ ಹತ್ತು ವಿಧವಾಗಿ ಹೇಳುವರು. ಇವೆಲ್ಲ ಬೇಕಾದುವೇ. ಅವುಗಳನ್ನು ಕುರಿತು ಮುಂದೆ ನಾವೂ ಹೇಳಲಿರುವೆವು. ಆದರೆ ಇವೆಲ್ಲಕ್ಕೂ ಮೊದಲು ಕಲಿಯಬೇಕಾದ ವಿದ್ಯೆಯೊಂದುಂಟು. ಅದು ಅತಿಥಿಯಾಗುವ ವಿದ್ಯೆ. ಪರರ ಮನೆಯ ಹೊಸ್ತಿಲಲ್ಲಿ ಹೇಗೆ ನಿಲ್ಲಬೇಕು, ಅವರ ಮಾತನ್ನು ಹೇಗೆ ಕೇಳಬೇಕು, ಅವರ ಅನ್ನದ ಋಣವನ್ನು ಹೇಗೆ ತೀರಿಸಬೇಕು ಎಂಬುದನ್ನು ಅರಿಯದೆ ಹೊರಟವನು ಸೇವೆಗೆಂದು ಹೋಗಿ ಹೊರೆಯಾಗಿ ಬರುವನು.

ಅತಿಥಿಗಳನ್ನು ಕಂಡ ಸೀಮೆ

ಈ ವಿದ್ಯೆಯನ್ನು ಕಲಿಯಲು ನಮ್ಮ ಈ ಮೂರು ಊರುಗಳಿಗಿಂತ ಉತ್ತಮವಾದ ಪಾಠಶಾಲೆ ಬೇರೆ ಬೇಕಿಲ್ಲ. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿದವರು, ಅದರ ಶಿಲ್ಪಗಳ ನಡುವೆ ಜಿರಾಫೆಯನ್ನೂ ಚೀನದ ಡ್ರ್ಯಾಗನ್ನನ್ನೂ ನೋಡಿರಬಹುದು. ನಮ್ಮ ಕಾಡಿನಲ್ಲಿ ಜಿರಾಫೆ ಇಲ್ಲ. ನಮ್ಮ ಪುರಾಣಗಳಲ್ಲಿ ಚೀನದ ಡ್ರ್ಯಾಗನ್ ಇಲ್ಲ. ಕಡಲಾಚೆಯ ಸುದ್ದಿ ಈ ಊರಿಗೆ ಆಗಲೇ ಬಂದಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಬಂಟ್ವಾಳವಾದರೋ ನೇತ್ರಾವತಿಯ ದಡದ ಪೇಟೆ. ಘಟ್ಟದ ಮೇಲಿನ ಸರಕು ಇಲ್ಲಿಗೆ ಇಳಿದು ಬಂದು ದೋಣಿಯೇರಿ ಮಂಗಳೂರಿಗೆ ಸಾಗುತ್ತಿದ್ದ ಕಾಲವೊಂದಿತ್ತು. ಪೇಟೆಯೆಂದ ಮೇಲೆ ಹತ್ತೂರಿನ ಜನ, ಹತ್ತು ಬಗೆಯ ಮಾತು. ಬೆಳ್ತಂಗಡಿ ತಾಲೂಕಿನಲ್ಲಿ ಕೇರಳದಿಂದ ಬಂದು ನೆಲಸಿದ ಕುಟುಂಬಗಳು ಬಹಳವಿರುವುವು. ಸೀರೋ ಮಲಬಾರ್ ಸಭೆಯವರಿಗಾಗಿ ೧೯೯೯ರಲ್ಲಿ ಬೆಳ್ತಂಗಡಿಯೇ ಒಂದು ಧರ್ಮಪ್ರಾಂತದ ಕೇಂದ್ರವಾಯಿತು. ಅಲ್ಲಿಯ ಮಗುವೊಂದು ಮನೆಯಲ್ಲಿ ಮಲಯಾಳವನ್ನೂ, ಬೀದಿಯಲ್ಲಿ ತುಳುವನ್ನೂ, ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ, ನೆರೆಮನೆಯ ಕೊಂಕಣಿಯನ್ನು ಅರ್ಥಮಾಡಿಕೊಂಡು ಬೆಳೆಯುವುದು ಆಶ್ಚರ್ಯವಲ್ಲ.

ಇಂತಹ ಸೀಮೆಯಲ್ಲಿ ಬೆಳೆದವನಿಗೆ ಅನ್ಯಭಾಷೆಯೂ ಅನ್ಯಮತವೂ ಭಯವನ್ನುಂಟುಮಾಡಬಾರದು. ಬಸದಿಯ ಗಂಟೆ, ಮಸೀದಿಯ ಬಾಂಗು, ದೇವಸ್ಥಾನದ ಚೆಂಡೆ, ಇಗರ್ಜಿಯ ಗಂಟೆ ಇವನ್ನು ಒಂದೇ ಕಿವಿಯಿಂದ ಕೇಳಿ ಬೆಳೆದುದೇ ಪರದೇಶಕ್ಕೆ ಒಯ್ಯಬಹುದಾದ ಮೊದಲನೆಯ ಬುತ್ತಿ.

ಕೆನರದಿಂದ ಸಿಂಹಳಕ್ಕೆ

ಈ ಕರಾವಳಿಯಲ್ಲಿ ಪಳಗಿ ಪರದೇಶಕ್ಕೆ ಹೋದ ಮಿಶನ್ ಯಾತ್ರಿಕರಲ್ಲಿ ಮೊದಲು ನೆನೆಯತಕ್ಕವರು ಸಂತ ಜೋಸೆಫ್ ವಾಜ್. ಅವರು ೧೬೫೧ರಲ್ಲಿ ಗೋವೆಯ ಬೆನಾವಲಿಯಲ್ಲಿ ಹುಟ್ಟಿ, ೧೬೭೬ರಲ್ಲಿ ಗುರುದೀಕ್ಷೆಯನ್ನು ಪಡೆದರು. ಸಿಂಹಳದ್ವೀಪವು ಪೋರ್ತುಗೀಸರ ಕೈತಪ್ಪಿ ಡಚ್ಚರ ವಶವಾದ ಮೇಲೆ, ಅಲ್ಲಿಯ ಕೆಥೋಲಿಕರಿಗೆ ಗುರುಗಳೇ ಇಲ್ಲದಂತಾಗಿದ್ದಿತು. ಗುರುಗಳು ಆ ನೆಲಕ್ಕೆ ಕಾಲಿಡಕೂಡದೆಂದು ಡಚ್ಚರ ನಿಷೇಧವಿತ್ತು. ಆ ಸುದ್ದಿಯನ್ನು ಕೇಳಿದ ವಾಜರು ಅಲ್ಲಿಗೆ ಹೋಗಲು ಹಾತೊರೆದರು. ಆದರೆ ಮೇಲಿನವರು ಅವರನ್ನು ಕಳುಹಿಸಿದುದು ಸಿಂಹಳಕ್ಕಲ್ಲ, ನಮ್ಮ ಕೆನರಕ್ಕೆ.

ವಾಜರು ೧೬೮೧ರಿಂದ ೧೬೮೪ರ ವರೆಗೆ ಇಲ್ಲಿ ಮಿಶನಿನ ಮುಖ್ಯಸ್ಥರಾಗಿದ್ದರು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಳುತ್ತಿದ್ದ ಕಾಲ. ಕ್ರೈಸ್ತರ ಒಳಗಿನ ಅಧಿಕಾರದ ಜಗಳಗಳೂ ಆಗ ಬಹಳವಿದ್ದುವು. ವಾಜರು ಊರೂರು ಅಲೆದು, ಬಿದ್ದ ಇಗರ್ಜಿಗಳನ್ನೆತ್ತಿ ನಿಲ್ಲಿಸಿ, ಶಾಲೆಗಳನ್ನು ತೆರೆದು, ಮುನಿದವರನ್ನು ಕೂಡಿಸಿದರು. ಬಂಟ್ವಾಳ ಸೀಮೆಯ ಅಂಚಿನಲ್ಲಿರುವ ಮುಡಿಪಿನ ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವು ಇಂದಿಗೂ ಜನರನ್ನು ಸೆಳೆಯುತ್ತಿರುವುದು. ಅಲ್ಲಿಯ ಬುಗ್ಗೆಗಳು ಅವರ ಪ್ರಾರ್ಥನೆಯಿಂದ ಚಿಮ್ಮಿದುವೆಂದು ಊರಿನವರ ಐತಿಹ್ಯ.

ಸಿಂಹಳಕ್ಕೆ ಹೋಗಬೇಕೆಂಬ ಆತುರದಲ್ಲಿದ್ದವನಿಗೆ ಈ ಮೂರು ವರ್ಷಗಳು ವ್ಯರ್ಥವೆಂದು ತೋರಬಹುದಾಗಿತ್ತು. ಆದರೆ ಮುಂದಿನ ಬಾಳನ್ನು ನೋಡಿದರೆ ಅವೇ ನಿಜವಾದ ಸಿದ್ಧತೆಯೆಂದು ಗೊತ್ತಾಗುವುದು. ಅನ್ಯರಾಜರ ಆಳಿಕೆಯಲ್ಲಿ ಬದುಕುವುದು, ಕಾಲ್ನಡಿಗೆಯಲ್ಲಿ ಊರು ಸುತ್ತುವುದು, ಜಗಳವಾಡುವವರ ನಡುವೆ ತಾಳ್ಮೆಯಿಂದಿರುವುದು ಎಲ್ಲವೂ ಇಲ್ಲಿಯೇ ಅಭ್ಯಾಸವಾದುವು.

೧೬೮೬ರಲ್ಲಿ ಅವರು ಗೋವೆಯಲ್ಲಿದ್ದ ತಮ್ಮ ಪದವಿಯನ್ನು ಬಿಟ್ಟು ಹೊರಟರು. ಜತೆಗೆ ಜಾನ್ ಎಂಬ ತರುಣ. ಮರುವರ್ಷ ತೂತ್ತುಕುಡಿಯನ್ನು ಸೇರಿ, ಅಲ್ಲಿ ತಮಿಳನ್ನು ಕಲಿತರು. ಮೈಮೇಲಿನ ಗುರುವೇಷವನ್ನು ತೆಗೆದು ಬಡವನ ಬಟ್ಟೆ ತೊಟ್ಟು ಕಡಲನ್ನು ದಾಟಿದರು. ಯಾಳ್ಪಾಣಕ್ಕೆ ಸೇರುವಾಗ ಆಮಶಂಕೆಯಿಂದ ಸಾಯುವ ಸ್ಥಿತಿ. ಬಡಜನರ ಉಪಚಾರದಿಂದ ಬದುಕಿದರು. ಕೊರಳಿಗೆ ಜಪಸರವನ್ನು ಕಾಣುವಂತೆ ಹಾಕಿಕೊಂಡು ಮನೆಮನೆಯಲ್ಲಿ ಭಿಕ್ಷೆ ಬೇಡುತ್ತ, ಅದನ್ನು ಕಂಡು ಯಾರ ಮುಖವರಳುವುದೋ ಅವರೇ ತಮ್ಮವರೆಂದು ಗುರುತಿಸಿದರು. ೧೬೯೨ರಲ್ಲಿ ಕ್ಯಾಂಡಿಯಲ್ಲಿ ಪೋರ್ತುಗೀಸರ ಗೂಢಚಾರನೆಂಬ ಸಂದೇಹದಿಂದ ಸೆರೆಯಾದರು. ಸೆರೆಯಲ್ಲಿ ಮಾಡಿದುದೇನು? ಸಿಂಹಳ ಭಾಷೆಯನ್ನು ಕಲಿತರು! ೧೬೯೭ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನರು ತಮ್ಮ ರೋಗಿಗಳನ್ನೇ ಬಿಟ್ಟು ಓಡಿದಾಗ, ವಾಜರು ಮತಭೇದವಿಲ್ಲದೆ ಆ ರೋಗಿಗಳ ಶುಶ್ರೂಷೆ ಮಾಡಿದರು. ಬೌದ್ಧ ರಾಜನ ಆದರವನ್ನು ಅವರಿಗೆ ಗಳಿಸಿಕೊಟ್ಟ ದೊಡ್ಡ ಕೆಲಸ ಅದು. ೧೭೧೧ರ ಜನವರಿ ೧೬ರಂದು ಅವರು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಗೋವೆಗೆ ಮರಳಿ ಬರಲಿಲ್ಲ. ೨೦೧೫ರ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಬಾಸೆಲಿನ ಮೂವರು ಸಂಗಡಿಗರು

ಇನ್ನು ಈ ಕಡೆಗೆ ಬಂದವರ ಕಥೆ. ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಮಿಶನ್ ಸಂಘವೊಂದು ಸ್ಥಾಪನೆಯಾಗಿ, ಪರದೇಶಗಳಿಗೆ ಹೋಗುವವರನ್ನು ತರಬೇತುಗೊಳಿಸುವ ವಿದ್ಯಾಲಯವು ಅಲ್ಲಿ ಏರ್ಪಟ್ಟಿತು. ಅದಕ್ಕೆ ಬರುತ್ತಿದ್ದವರು ಬಹುಮಟ್ಟಿಗೆ ರೈತರ, ಕೈಕಸುಬಿನವರ ಮಕ್ಕಳು. ಹಲವು ವರ್ಷ ಅಲ್ಲಿ ಕೂಡಿ ಬಾಳಿ, ಕೂಡಿ ದುಡಿದು, ಕೂಡಿ ಓದಿದ ಬಳಿಕವೇ ಅವರಿಗೆ ಹಡಗನ್ನೇರುವ ಅಪ್ಪಣೆ. ೧೮೩೩ರ ಶಾಸನದಿಂದ ಇಂಗ್ಲಿಷರಲ್ಲದ ಮಿಶನರಿಗಳಿಗೂ ಹಿಂದುಸ್ಥಾನದ ಬಾಗಿಲು ತೆರೆಯಿತು. ಮರುವರ್ಷವೇ ಸಾಮುವೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ತಿಯಾನ್ ಗ್ರೈನರ್ ಎಂಬ ಮೂವರು ಕೂಡಿ ಹೊರಟರು. ಸುವೆಜ್ ಕಾಲುವೆ ಇನ್ನೂ ತೋಡದಿದ್ದ ಕಾಲ. ಹಡಗು ಆಫ್ರಿಕೆಯ ದಕ್ಷಿಣದ ಭೂಶಿರವನ್ನು ಸುತ್ತಿ ಬರಬೇಕು. ಇಂಗ್ಲೆಂಡಿನಿಂದ ಜುಲೈಯಲ್ಲಿ ಬಿಟ್ಟವರು ೧೮೩೪ರ ಅಕ್ಟೋಬರ್ ೧೪ರಂದು ಕಲ್ಲಿಕೋಟೆಗೂ ಅಕ್ಟೋಬರ್ ೩೦ರಂದು ಮಂಗಳೂರಿಗೂ ಮುಟ್ಟಿದರು.

ಇಳಿದ ಕೂಡಲೆ ಅವರಿಗೆ ತಿಳಿದುದು ಏನೆಂದರೆ, ಬಾಸೆಲಿನ ವಿದ್ಯೆಯೊಂದರಿಂದಲೇ ಇಲ್ಲಿ ಕೆಲಸ ಸಾಗದೆಂಬುದು. ಒಂದೇ ಪಟ್ಟಣದಲ್ಲಿ ಕನ್ನಡ, ತುಳು, ಕೊಂಕಣಿ ಮೂರೂ ನಡೆಯುತ್ತಿದ್ದುವು. ಬೋಧಿಸಲು ಬಂದವರು ಮೊದಲು ವಿದ್ಯಾರ್ಥಿಗಳಾಗಿ ಕುಳಿತರು. ಗ್ರೈನರರು ತುಳುವನ್ನು ಹಿಡಿದು, ೧೮೪೦ರ ದಶಕದಲ್ಲಿ ಸುವಾರ್ತೆಗಳನ್ನು ಆ ಭಾಷೆಗೆ ತಂದರು. ಅವರ ಹಿಂದೆ ಬಂದ ಹೆರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲನೆಯ ವಾರ್ತಾಪತ್ರಿಕೆ ಅದೇ. ಬ್ರಿಗೆಲರು ೧೮೭೨ರಲ್ಲಿ ತುಳು ವ್ಯಾಕರಣವನ್ನೂ, ಮೆನ್ನರರು ೧೮೮೬ರಲ್ಲಿ ತುಳು ನಿಘಂಟನ್ನೂ, ಕಿಟ್ಟೆಲರು ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ಕನ್ನಡ ನಿಘಂಟನ್ನೂ ಪ್ರಕಟಿಸಿದರು. ಕಿಟ್ಟೆಲರು ನಮ್ಮ ನಾಡಿಗೆ ಬಂದುದು ೧೮೫೩ರಲ್ಲಿ. ಅಂದರೆ ಪರರ ಮಾತನ್ನು ಅರಿತು ಆ ಗ್ರಂಥವನ್ನು ಮುಗಿಸುವುದರೊಳಗೆ ಒಂದು ಆಯುಷ್ಯವೇ ಸಂದಿತೆನ್ನಬೇಕು. ಬಂಟ್ವಾಳದಲ್ಲಿ ೧೮೭೪ರಲ್ಲಿ ಹುಟ್ಟಿದ ನಮ್ಮ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಿದ್ಧಪಡಿಸಿದ ಪಾಠಪುಸ್ತಕಗಳು ಅಚ್ಚಾದುದು ಇದೇ ಮಿಶನಿನ ಮುದ್ರಣಾಲಯದಲ್ಲಿ. ಅತಿಥಿಯ ಯಂತ್ರವೂ ಮನೆಯೊಡೆಯನ ಮಾತೂ ಕೂಡಿದರೆ ಫಲವು ಹೀಗಿರುವುದು.

ಇವರ ಕಥೆಯೆಲ್ಲ ಹೂವಿನ ಹಾಸಿಗೆಯೆಂದು ನಾವು ಹೇಳುವುದಿಲ್ಲ. ೧೮೪೪ರಲ್ಲಿ ಮಂಗಳೂರಿನ ಸಾರಸ್ವತ ಮನೆತನಗಳ ಮೂವರು ತರುಣರು ಮೋಗ್ಲಿಂಗರ ಪ್ರಭಾವದಿಂದ ಕ್ರೈಸ್ತರಾದಾಗ ಊರೇ ಕ್ಷೋಭೆಗೊಂಡಿತು. ಅವರಲ್ಲಿ ಆನಂದರಾವ್ ಕೌಂಡಿನ್ಯರೆಂಬವರು ೧೮೪೬ರಲ್ಲಿ ಮೋಗ್ಲಿಂಗರ ಸಂಗಡ ಬಾಸೆಲಿಗೆ ಹೋಗಿ, ಅಲ್ಲಿಯೇ ಓದಿ, ೧೮೫೧ರಲ್ಲಿ ದೀಕ್ಷೆ ಹೊಂದಿ ಮರಳಿ ಬಂದು ಇಲ್ಲಿ ಸೇವೆ ಸಲ್ಲಿಸಿದರು. ಗೆಳೆಯನೊಡನೆ ಸಮುದ್ರವನ್ನು ದಾಟಿದ ಈ ಯಾತ್ರೆಯನ್ನು ಒಬ್ಬರು ಧೈರ್ಯವೆಂದರೆ, ಅವರ ಬಂಧುಗಳು ಅದನ್ನು ಮನೆಯ ದುಃಖವೆಂದಿರಬೇಕು. ಮತದ ವಿಷಯದಲ್ಲಿ ನೀಡುವವನಿಗೆ ಉಡುಗೊರೆಯಾಗಿ ಕಾಣುವುದು ಪಡೆಯುವವನ ಮನೆಯವರಿಗೆ ಗಾಯವಾಗಿ ಕಾಣಬಹುದೆಂಬುದನ್ನು ಯಾತ್ರಿಕನು ಒಂದು ದಿನವೂ ಮರೆಯಬಾರದು.

ಒಂದನೆಯ ಮಹಾಯುದ್ಧವು ಬಂದಾಗ ಜರ್ಮನಿಯ ಮಿಶನರಿಗಳು ಬಂಧನಕ್ಕೊಳಗಾಗಿ ಈ ನಾಡನ್ನು ಬಿಡಬೇಕಾಯಿತು. ಎಂಬತ್ತು ವರ್ಷಗಳ ಕೆಲಸದಲ್ಲಿ ನಿಂತುದು ಯಾವುದು? ಊರಿನವರು ತಮ್ಮದೆಂದು ಕೈಗೆ ತೆಗೆದುಕೊಂಡುದು ಮಾತ್ರ ನಿಂತಿತು. ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯು ಕೂಡಿಬಂದಾಗ ಅಂಥ ಸ್ಥಳೀಯ ಸಭೆಗಳೇ ಅದರ ಅಂಗಗಳಾದುವು. ಅತಿಥಿಯು ಹೋಗಲೇಬೇಕು, ಹೋದ ಮೇಲೆ ಮನೆಯು ಹೇಗಿರುವುದೆಂಬುದೇ ಅವನ ಪರೀಕ್ಷೆ.

ಸಂಗಡಿಗರ ಆಯ್ಕೆ

ಈ ಹಳೆಯ ಕಥೆಗಳಿಂದ ಇಂದಿನವರು ಕಲಿಯಬೇಕಾದುದೇನು? ಮೊದಲನೆಯದು ಸಂಗಡಿಗರನ್ನು ಕುರಿತುದು. ಒಟ್ಟಿಗೆ ಕುಳಿತು ನಗುವವರೆಲ್ಲ ಒಟ್ಟಿಗೆ ನಡೆಯಬಲ್ಲವರಲ್ಲ. ಪರದೇಶದಲ್ಲಿ ನಿದ್ರೆಯಿಲ್ಲದೆ, ಒಗ್ಗದ ಅನ್ನವನ್ನುಂಡು, ಒಂದೇ ಕೋಣೆಯಲ್ಲಿ ನಾಲ್ವರು ಮಲಗಬೇಕಾದಾಗ ಹತ್ತು ವರ್ಷದ ಸ್ನೇಹವೂ ಮೂರು ದಿನಗಳಲ್ಲಿ ಹುಳಿಯಾಗುವುದುಂಟು. ಬಾಸೆಲಿನವರು ವರ್ಷಗಟ್ಟಲೆ ಕೂಡಿ ದುಡಿದು ತಮ್ಮನ್ನು ಪರೀಕ್ಷಿಸಿಕೊಂಡರು. ನಮಗೆ ಅಷ್ಟು ಕಾಲವಿಲ್ಲದಿದ್ದರೂ ಪರೀಕ್ಷೆಯ ಕಣವು ಮನೆಯ ಅಂಗಳದಲ್ಲಿಯೇ ಇದೆ.

ನೇತ್ರಾವತಿಯು ೧೯೨೩ರಲ್ಲಿಯೂ ೧೯೭೪ರಲ್ಲಿಯೂ ಉಕ್ಕಿ ಬಂಟ್ವಾಳದ ಪೇಟೆಯನ್ನು ಮುಳುಗಿಸಿದುದನ್ನು ಹಿರಿಯರು ಹೇಳುತ್ತ ಬಂದಿರುವರು. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗಳಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ, ತೋಟಗಳ ಮೇಲೆ ಮರಳು ಮರದಿಮ್ಮಿಗಳು ಬಿದ್ದುವು. ಚಾರ್ಮಾಡಿಯ ದಾರಿ ಮುಚ್ಚಿತು. ಅಂತಹ ಹೊತ್ತಿನಲ್ಲಿ ಯಾರು ಕರೆಯದಿದ್ದರೂ ಹಾರೆ ಹಿಡಿದು ಬಂದು, ಒಬ್ಬರ ಮನೆಯ ಕೆಸರನ್ನು ಎತ್ತಿ, ಕೊಟ್ಟ ಗಂಜಿಯನ್ನು ಕುಡಿದು ಸದ್ದಿಲ್ಲದೆ ಹೋಗುವರೋ ಅವರೇ ಪರದೇಶಕ್ಕೆ ತಕ್ಕ ಸಂಗಡಿಗರು. ಬಂದು ನಿಂತು ಚಿತ್ರ ತೆಗೆದು ಹೋಗುವವರನ್ನು ನಯವಾಗಿ ಮನೆಯಲ್ಲಿಯೇ ಬಿಡುವುದು ಲೇಸು. ಹೊರಡುವ ಗುಂಪಿನವರು ಕಡೆಯ ಪಕ್ಷ ಕೆಲವು ತಿಂಗಳುಗಳಾದರೂ ವಾರಕ್ಕೊಮ್ಮೆ ಕೂಡಿ, ಊರಿನ ವೃದ್ಧಾಶ್ರಮದಲ್ಲಿಯೋ ಬಡಮಕ್ಕಳ ಶಾಲೆಯಲ್ಲಿಯೋ ಕೈಗೆ ಮಣ್ಣಾಗುವ ಕೆಲಸವನ್ನು ಮಾಡಿ ನೋಡಲಿ.

ಹೊರಡುವುದಕ್ಕೆ ಮೊದಲೇ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದಿಡಬೇಕು. ಕೊನೆಯ ಮಾತು ಯಾರದು? ಹಣದ ಲೆಕ್ಕ ಯಾರ ಕೈಯಲ್ಲಿ? ಒಬ್ಬನು ಕಾಯಿಲೆಬಿದ್ದರೆ ಅವನೊಡನೆ ಉಳಿಯುವವರಾರು? ಸ್ನೇಹಿತರಲ್ಲಿ ಇದೆಲ್ಲ ಏಕೆಂದು ಕೆಲವರು ಸಂಕೋಚಪಡುವರು. ಲೆಕ್ಕವು ಸ್ನೇಹವನ್ನು ಕೆಡಿಸುವುದಿಲ್ಲ, ಲೆಕ್ಕವಿಲ್ಲದಿರುವುದೇ ಕೆಡಿಸುವುದು.

ಆಹ್ವಾನ, ಕಾನೂನು, ಕಾಗದಪತ್ರ

ಎರಡನೆಯದು ಆಹ್ವಾನ. ಕರೆಯದ ಮನೆಗೆ ಹೋಗಬಾರದೆಂಬ ನಮ್ಮ ಮನೆಗಳ ನೀತಿಯು ಪರದೇಶಕ್ಕೂ ಸಲ್ಲುವುದು. ಆ ದೇಶದ ಸಭೆಯಾಗಲಿ ಸಂಸ್ಥೆಯಾಗಲಿ ಬರವಣಿಗೆಯಲ್ಲಿ ಕರೆಯಬೇಕು. ತನಗೆ ಬೇಕಾದುದೇನೆಂದು ತಾನೇ ಹೇಳಬೇಕು. ಅವರಿಗೆ ದಾದಿಯರು ಬೇಕಾಗಿರುವಾಗ ಹಾಡುವವರು ಹೋದರೆ ಏನು ಫಲ? ಅಲ್ಲಿಯ ಬಡಗಿಯು ಕೂಲಿಯಿಲ್ಲದೆ ಕುಳಿತಿರುವಾಗ, ಮರದ ಕೆಲಸವರಿಯದ ನಾವು ವಿಮಾನದಲ್ಲಿ ಹೋಗಿ ಬೆಂಚು ಮಾಡಿಕೊಟ್ಟರೆ ಅದು ಸೇವೆಯೋ ಅಪಕಾರವೋ? ಪ್ರಯಾಣಕ್ಕೆ ಸುರಿಯುವ ಹಣವನ್ನೇ ಕಳುಹಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಗುಂಪೂ ಒಮ್ಮೆಯಾದರೂ ನೇರವಾಗಿ ಕೇಳಿಕೊಳ್ಳಬೇಕು. ಉತ್ತರವು 'ಹೌದು' ಎಂದಾದರೆ ಹಣವನ್ನೇ ಕಳುಹಿಸುವುದೂ ಒಂದು ಮಿಶನ್ ಕೆಲಸವೇ ಸರಿ.

ಮೂರನೆಯದು ಕಾನೂನು. ಪಾಸ್‌ಪೋರ್ಟಿಗಾಗಿ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ, ಮಂಗಳೂರಿನಲ್ಲಿಯೇ ಸೇವಾಕೇಂದ್ರವುಂಟು. ಅದರ ಅವಧಿಯು ಪ್ರಯಾಣದ ದಿನದಿಂದ ಇನ್ನೂ ೬ ತಿಂಗಳಾದರೂ ಉಳಿದಿರಬೇಕೆಂದು ಹಲವು ದೇಶಗಳ ನಿಯಮ. ವೀಸಾದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಪ್ರವಾಸಿಯೆಂದು ಬರೆದುಕೊಟ್ಟು ಒಳಹೊಕ್ಕು ಬೋಧನೆಗೆ ನಿಲ್ಲುವುದು ಬಹಳ ದೇಶಗಳಲ್ಲಿ ಅಪರಾಧ. ನಮ್ಮ ದೇಶದಲ್ಲಿಯೂ ಪರದೇಶದವರು ಪ್ರವಾಸಿ ವೀಸಾದಲ್ಲಿ ಬಂದು ಮತಪ್ರಚಾರ ಮಾಡುವಂತಿಲ್ಲ. ನೇಪಾಳದ ೨೦೧೫ರ ಸಂವಿಧಾನವು ಒಬ್ಬನನ್ನು ಒಂದು ಮತದಿಂದ ಇನ್ನೊಂದಕ್ಕೆ ಪರಿವರ್ತಿಸುವುದನ್ನು ನಿಷೇಧಿಸಿದೆ. ಮೀರಿದವರಿಗೆ ಸೆರೆವಾಸವೂ ಉಂಟು. ಕೊಲ್ಲಿಯ ದೇಶಗಳಲ್ಲಿ ನಮ್ಮ ಜನರು ಸಾವಿರಾರು ಮಂದಿ ದುಡಿಯುತ್ತಿರುವರು. ಇಗರ್ಜಿಗೆ ಎಡೆಗೊಟ್ಟ ದೇಶಗಳಲ್ಲಿಯೂ ಆರಾಧನೆಯು ಗೊತ್ತಾದ ಆವರಣದೊಳಗೇ ನಡೆಯತಕ್ಕುದು. ಬೀದಿಯ ಬೋಧನೆಗೆ ಅವಕಾಶವಿಲ್ಲ.

ಹಾಗಾದರೆ ಜೋಸೆಫ್ ವಾಜರು ವೇಷ ಮರೆಸಿ ಹೋದರಲ್ಲ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಅವರು ಹೋದುದು ತಮ್ಮ ಗುರುಗಳಿಗಾಗಿ ಕಾದು ಕುಳಿತಿದ್ದ ತಮ್ಮ ಮತದವರ ಬಳಿಗೆ. ಹೋಗಿ ಜೀವಮಾನವೆಲ್ಲ ಅಲ್ಲಿಯೇ ಉಳಿದು, ಬಂದ ಕಷ್ಟವನ್ನು ಅವರೊಡನೆ ತಾವೂ ಉಂಡರು. ಇಂದು ಎರಡು ವಾರಕ್ಕೆ ಹೋದವನು ಕಾನೂನನ್ನು ಮುರಿದರೆ ಅವನು ವಿಮಾನವೇರಿ ಮನೆಗೆ ಬರುವನು. ಪೋಲೀಸರು ಬಾಗಿಲು ತಟ್ಟುವುದು ಅವನನ್ನು ಕರೆದ ಬಡವನ ಮನೆಯದನ್ನು. ಅಪಾಯವನ್ನು ತಾನು ಹೊರುವುದು ತ್ಯಾಗ. ಆತಿಥ್ಯ ಕೊಟ್ಟವನ ಮೇಲೆ ಹೊರಿಸುವುದು ದ್ರೋಹ.

ದೇಹ ಮತ್ತು ಪೆಟ್ಟಿಗೆ

ಆರೋಗ್ಯದ ಸಿದ್ಧತೆಯನ್ನು ಕಡೆಯ ವಾರಕ್ಕೆ ಬಿಡಬಾರದು. ಆಫ್ರಿಕೆಯ ಮತ್ತು ದಕ್ಷಿಣ ಅಮೇರಿಕೆಯ ಹಲವು ದೇಶಗಳಿಗೆ ಹೋಗುವವರಿಗೆ ಹಳದಿಜ್ವರದ ಚುಚ್ಚುಮದ್ದು ಅವಶ್ಯ. ಸರಕಾರವು ಗೊತ್ತುಪಡಿಸಿದ ಕೇಂದ್ರಗಳಲ್ಲಿಯೇ ಅದನ್ನು ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಚುಚ್ಚಿದ ೧೦ ದಿನಗಳ ಬಳಿಕವೇ ಅದು ಸಿಂಧುವಾಗುವುದು. ೨೦೧೬ರಿಂದ ಒಮ್ಮೆ ಹಾಕಿಸಿದ ಮದ್ದು ಜೀವಮಾನಕ್ಕೆ ಸಾಕೆಂದು ಒಪ್ಪಲಾಗಿದೆ. ಆ ಪತ್ರವಿಲ್ಲದೆ ಹಳದಿಜ್ವರದ ದೇಶದಿಂದ ಮರಳಿದರೆ ನಮ್ಮ ದೇಶದವರೇ ೬ ದಿನಗಳ ವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಇರುವ ಕಡೆಗೆ ಹೋಗುವವರು ವೈದ್ಯರನ್ನು ಕೇಳಿ, ಹೋಗುವ ಮೊದಲೇ ಗುಳಿಗೆಯನ್ನು ಆರಂಭಿಸಬೇಕಾಗುವುದು. ಮರಳಿ ಬಂದ ಮೇಲೆಯೂ ಅವರು ಹೇಳಿದಷ್ಟು ದಿನ ಬಿಡಬಾರದು. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಲಿ.

ಪೆಟ್ಟಿಗೆಯನ್ನು ತುಂಬುವ ತಾಯಂದಿರಿಗೆ ಎರಡು ಮಾತು. ಮಗನಿಗೆ ಬಾಯಿ ರುಚಿಸದೆಂದು ಉಪ್ಪಿನಕಾಯಿ, ಚಟ್ನಿಪುಡಿ, ಕಷಾಯದ ಹುಡಿಗಳನ್ನು ಕಟ್ಟುವುದು ಸಹಜವೇ. ಆದರೆ ಗಸಗಸೆಯನ್ನು ಮಾತ್ರ ಕಟ್ಟಬೇಡಿರಿ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಈ ಕಾಳು ಕೊಲ್ಲಿಯ ಕೆಲವು ದೇಶಗಳಲ್ಲಿ ಮಾದಕವಸ್ತುವಿನ ಲೆಕ್ಕಕ್ಕೆ ಸೇರುವುದು. ಆಸ್ಟ್ರೇಲಿಯದಂತಹ ದೇಶಗಳಲ್ಲಿ ಹಣ್ಣು, ಬೀಜ, ಮಾಂಸಗಳನ್ನು ಒಯ್ದಿರುವುದಾಗಿ ಹೇಳದೆ ಸಿಕ್ಕಿಬಿದ್ದರೆ ದಂಡ ತೆರಬೇಕು. ಇದಕ್ಕಿಂತ ಮೇಲಾದ ಉಪಾಯವೆಂದರೆ, ಹೊರಡುವವನು ಮನೆಯಲ್ಲಿಯೇ ಕೆಲವು ದಿನ ಕುಚ್ಚಲಕ್ಕಿಯ ಅನ್ನವನ್ನು ಬಿಟ್ಟು ಬೇರೆ ಆಹಾರಕ್ಕೆ ನಾಲಿಗೆಯನ್ನು ಒಗ್ಗಿಸಿಕೊಳ್ಳುವುದು. ಇಟ್ಟುದನ್ನು ಸಂತೋಷದಿಂದ ಉಣ್ಣುವ ಅತಿಥಿಯನ್ನು ಯಾವ ದೇಶದ ಗೃಹಿಣಿಯೂ ಮರೆಯಳು.

ಬಟ್ಟೆಯು ಸರಳವಾಗಿರಲಿ. ಒಡವೆಗಳು ಬೇಡ. ಉಡುಗೊರೆಗಳನ್ನು ಮಕ್ಕಳಿಗೆ ಬೀದಿಯಲ್ಲಿ ಹಂಚದೆ, ಆತಿಥೇಯರ ಕೈಗೆ ಕೊಟ್ಟು ಅವರಿಂದಲೇ ಹಂಚಿಸಬೇಕು. ಮಿಠಾಯಿಗಾಗಿ ಮಕ್ಕಳು ಪರಕೀಯರ ಹಿಂದೆ ಓಡುವ ಅಭ್ಯಾಸವನ್ನು ಬಿತ್ತಿಬರುವುದು ಧರ್ಮವಲ್ಲ. ಬಡವರ, ರೋಗಿಗಳ, ಮಕ್ಕಳ ಚಿತ್ರಗಳನ್ನು ಅವರ ಮನೆಯವರನ್ನು ಕೇಳದೆ ತೆಗೆಯಲೂಬಾರದು, ಊರಿಗೆ ಬಂದು ತೋರಿಸಲೂಬಾರದು. ನಮ್ಮ ಮನೆಯ ಬಡತನವನ್ನು ಯಾರಾದರೂ ಹಾಗೆ ಮೆರೆಯಿಸಿದರೆ ನಾವು ಸಹಿಸುವೆವೆ?

ಭಾಷೆಯ ಬುತ್ತಿ

ವಾಜರೂ ಗ್ರೈನರರೂ ಕಿಟ್ಟೆಲರೂ ಭಾಷೆಗೆ ಕೊಟ್ಟ ವರ್ಷಗಳನ್ನು ಕೆಲವು ವಾರಗಳ ಯಾತ್ರಿಕನು ಕೊಡಲಾರನು, ನಿಜ. ಆದರೂ ಐವತ್ತು ಶಬ್ದಗಳನ್ನು ಕಲಿಯಲು ಯಾರಿಗೂ ಅಡ್ಡಿಯಿಲ್ಲ. ನಮಸ್ಕಾರ, ಉಪಕಾರವಾಯಿತು, ಕ್ಷಮಿಸಿರಿ, ನೀರು, ಅನ್ನ, ನೋವು, ತಾಯಿ, ಮಗು, ಇವಿಷ್ಟೂ ಮೊದಲು. ಪೂರ್ವ ಆಫ್ರಿಕೆಗೆ ಹೋಗುವವನು ಸ್ವಾಹಿಲಿಯಲ್ಲಿ ಉಪಕಾರ ಸ್ಮರಿಸಲು 'ಅಸಾಂತೆ' ಎಂದೂ, ಹಿರಿಯರನ್ನು ಕಂಡಾಗ 'ಶಿಕಮೂ' ಎಂದೂ ಹೇಳಲು ಕಲಿತರೆ ಹತ್ತು ಪ್ರಸಂಗಗಳಿಗಿಂತ ಅದು ಹೆಚ್ಚಿನ ಕೆಲಸ ಮಾಡುವುದು. ನಮ್ಮೂರಿಗೆ ಬಂದ ಪರಕೀಯನೊಬ್ಬನು ತಪ್ಪುತಪ್ಪಾಗಿಯಾದರೂ 'ಎಂಚ ಉಲ್ಲರ್' ಎಂದರೆ ನಮ್ಮ ಅಜ್ಜಿಯರ ಮುಖವು ಹೇಗೆ ಅರಳುವುದೆಂದು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಭಾಷೆಯೊಡನೆ ಮೌನವನ್ನೂ ಕಲಿಯಬೇಕು. ಮೊದಲ ಮೂರು ದಿನ ಸಲಹೆ ಕೊಡದೆ, ಹೋಲಿಸದೆ, ಕೇಳಿದುದಕ್ಕೆ ಮಾತ್ರ ಉತ್ತರವಿತ್ತು ಇರಬಲ್ಲವನಿಗೆ ನಾಲ್ಕನೆಯ ದಿನ ಆ ಊರಿನವರೇ ಮನಸ್ಸನ್ನು ತೆರೆಯುವರು.

ಮನೆಯಲ್ಲಿ ಉಳಿಯುವವರು

ಯಾತ್ರೆಗೆ ಸಿದ್ಧರಾಗಬೇಕಾದವರು ಹೊರಡುವವರು ಮಾತ್ರವಲ್ಲ. ಮನೆಯಲ್ಲಿ ವೃದ್ಧ ತಂದೆತಾಯಿಗಳಿರುವರು, ಎಳೆಯ ಮಕ್ಕಳಿರುವರು, ಮ‌ಳೆಗಾಲಕ್ಕೆ ಮೊದಲು ಮುಗಿಯಬೇಕಾದ ತೋಟದ ಕೆಲಸವಿರುವುದು. ಅಡಕೆಗೆ ಮದ್ದು ಸಿಂಪಡಿಸುವ ದಿನಗಳಲ್ಲಿ ಮನೆಯ ಹಿರಿಯ ಮಗನು ಆಫ್ರಿಕೆಯಲ್ಲಿ ಬಾವಿ ತೋಡುತ್ತಿದ್ದರೆ, ಇಲ್ಲಿ ಮುಪ್ಪಿನ ತಂದೆಯು ಆಳಿಗಾಗಿ ಅಲೆಯಬೇಕಾದೀತು. ಹೊರಡುವ ಕಾಲವನ್ನು ನಿರ್ಣಯಿಸುವಾಗ ಮನೆಯವರನ್ನೂ ಕೂರಿಸಿಕೊಂಡು ಮಾತಾಡಬೇಕು. ಯಾತ್ರೆಯ ಖರ್ಚಿಗಾಗಿ ಸಾಲ ಮಾಡಲೇಬಾರದು. ಸಭೆಯವರಿಂದ ಹಣ ಕೂಡಿಸಿದ್ದಾದರೆ ಮರಳಿದ ತಿಂಗಳೊಳಗೆ ಪೈಸೆ ಪೈಸೆಯ ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು. ಮನೆಯವರ ಬಳಿಯಲ್ಲಿ ಪಾಸ್‌ಪೋರ್ಟಿನ ಪ್ರತಿ, ಆತಿಥೇಯರ ವಿಳಾಸ, ಆ ದೇಶದಲ್ಲಿರುವ ಭಾರತೀಯ ದೂತಾವಾಸದ ವಿಳಾಸ, ಪ್ರಯಾಣದ ವಿಮೆಯ ಕಾಗದ ಇವಿಷ್ಟು ಇರಲೇಬೇಕು.

ಮರಳಿದ ಮೇಲೆಯೂ ಒಂದು ಕರ್ತವ್ಯವುಂಟು. ಅಲ್ಲಿ ಅನ್ಯರ ಮಕ್ಕಳಿಗೆ ಪಾಠ ಹೇಳಿ ಬಂದವರು ನೆರೆಮನೆಯ ಕೂಲಿಯವನ ಮಗುವಿನ ಹೆಸರನ್ನೂ ಅರಿಯದಿದ್ದರೆ ಆ ಯಾತ್ರೆಯು ಬರಿಯ ವಿಹಾರವಾಯಿತೆಂದೇ ಹೇಳಬೇಕು. ಅತಿಥಿಯಾಗುವುದನ್ನು ಕಲಿತವನು ಆತಿಥೇಯನಾಗುವುದನ್ನೂ ಕಲಿತು ಬರುವನು. ಹೊರನಾಡಿನಿಂದ ನಮ್ಮ ತೋಟಗಳಿಗೆ, ಕಾರ್ಖಾನೆಗಳಿಗೆ, ಕಟ್ಟಡಗಳಿಗೆ ದುಡಿಯಲು ಬಂದಿರುವ ಬಡವರು ನಮ್ಮ ನಡುವೆಯೇ ಇದ್ದಾರೆ. ಅವರ ಮಾತು ನಮಗೆ ಬಾರದು. ನಮ್ಮ ಮಾತು ಅವರಿಗೆ ಬಾರದು. ಪರದೇಶದಲ್ಲಿ ತಾನು ಮೂಕನಂತೆ ನಿಂತ ದಿನವನ್ನು ನೆನೆದು ಅವರಲ್ಲೊಬ್ಬನನ್ನು ಮನೆಯ ಜಗಲಿಗೆ ಕರೆದು ಒಂದು ಲೋಟ ನೀರನ್ನೂ ಒಂದು ತುಂಡು ಬೆಲ್ಲವನ್ನೂ ಕೊಡುವವನ ಸೇವಾಯಾತ್ರೆಯು ಸಾರ್ಥಕವಾಯಿತೆಂದು ನಾವು ತಿಳಿಯುವೆವು.